ರಂಗದ ಮೇಲೆ ಎಂದೂ ಹಾಡದ ಸಲೋಮೆ: ತೆರೇಸಾ ಸ್ಟ್ರಾಟಾಸ್ ಅವರ 1974ರ ಚಿತ್ರವನ್ನು ಯಾವ ಅಳತೆಗೋಲಿನಿಂದ ನೋಡಬೇಕು?

ಮಂದ್ರಷಡ್ಜ ಬರೆದದ್ದು:

ರಿಚರ್ಡ್ ಸ್ಟ್ರೌಸ್ ಅವರ ‘ಸಲೋಮೆ’ ಆಪೆರಾವನ್ನು ಗೋಟ್ಸ್ ಫ್ರೀಡ್ರಿಖ್ 1974ರಲ್ಲಿ ಚಲನಚಿತ್ರವಾಗಿ ತೆಗೆದಿದ್ದಾರೆ. ಅದನ್ನು ಕಳೆದ ವಾರ ಮೂರನೆಯ ಸಲ ನೋಡಿದೆ. ಪ್ರತಿ ಸಲವೂ ಒಂದೇ ಪ್ರಶ್ನೆ ಬಗೆಹರಿಯದೆ ಉಳಿಯುತ್ತಿರುವುದರಿಂದ ಅದನ್ನು ಇಲ್ಲಿ ಎಲ್ಲರ ಮುಂದೆ ಹರವುತ್ತಿದ್ದೇನೆ.

ಸಲೋಮೆಯಾಗಿ ಹಾಡಿ ನಟಿಸಿದವರು ಕೆನಡಾದ ಸೊಪ್ರಾನೊ, ಅಂದರೆ ಎತ್ತರದ ಸ್ವರಗಳ ಗಾಯಕಿ, ತೆರೇಸಾ ಸ್ಟ್ರಾಟಾಸ್. ನುಡಿಸಿದ್ದು ವಿಯೆನ್ನಾ ಫಿಲ್‌ಹಾರ್ಮೋನಿಕ್. ನಡೆಸಿದವರು ಆಗ ಎಂಬತ್ತರ ಅಂಚಿನಲ್ಲಿದ್ದ ಕಾರ್ಲ್ ಬೋಮ್; ಅವರು ಸ್ಟ್ರೌಸ್ ಅವರನ್ನು ಹತ್ತಿರದಿಂದ ಬಲ್ಲವರು, ‘ಡಾಫ್ನೆ’ ಆಪೆರಾವನ್ನು ಸ್ಟ್ರೌಸ್ ಅರ್ಪಿಸಿದ್ದು ಇವರಿಗೇ. ಇಷ್ಟೆಲ್ಲ ಇದ್ದರೂ ಒಂದು ಸಂಗತಿ ಮುಳ್ಳಿನಂತೆ ಚುಚ್ಚುತ್ತದೆ. ಸ್ಟ್ರಾಟಾಸ್ ಈ ಪಾತ್ರವನ್ನು ಯಾವ ರಂಗಮಂದಿರದಲ್ಲಿಯೂ ಒಮ್ಮೆಯೂ ಹಾಡಲಿಲ್ಲ. ಮೊದಲು ಸಂಗೀತವನ್ನು ಧ್ವನಿಮುದ್ರಿಸಿಕೊಂಡು, ಆಮೇಲೆ ಕ್ಯಾಮೆರಾದ ಮುಂದೆ ಅದಕ್ಕೆ ತುಟಿ ಆಡಿಸಿ ನಟಿಸಿದ ಈ ಚಿತ್ರವೊಂದೇ ಅವರ ಸಲೋಮೆ. ಹಾಗಾದರೆ ಇದನ್ನು ಆಪೆರಾ ಗಾಯನವೆಂದು ತೂಗಬೇಕೇ, ಅಥವಾ ಸಿನಿಮಾ ನಟನೆಯೆಂದು ನೋಡಿ ಸುಮ್ಮನಾಗಬೇಕೇ?

ಕಥೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಮಲತಂದೆ ಹೆರೋದನ ಔತಣದಲ್ಲಿ ಕುಣಿದು, ಬಹುಮಾನವಾಗಿ ಸ್ನಾನಿಕನಾದ ಯೋಹಾನನ ತಲೆಯನ್ನು ಕೇಳುವ ಹುಡುಗಿಗೆ ಬೈಬಲ್ಲಿನ ಸುವಾರ್ತೆಗಳಲ್ಲಿ ಹೆಸರೇ ಇಲ್ಲ. ಅಲ್ಲಿ ಅವಳು ತಾಯಿ ಹೆರೋದ್ಯ ಹೇಳಿಕೊಟ್ಟಂತೆ ಕೇಳುವವಳು. ಆಸ್ಕರ್ ವೈಲ್ಡ್ ಫ್ರೆಂಚಿನಲ್ಲಿ ಬರೆದ ನಾಟಕದಲ್ಲಿ ಆ ಆಸೆ ಅವಳದೇ ಆಯಿತು. ಹೆಡ್ವಿಗ್ ಲಾಖ್‌ಮನ್ ಮಾಡಿದ ಜರ್ಮನ್ ಅನುವಾದವನ್ನು ಸ್ಟ್ರೌಸ್ ಅಲ್ಲಲ್ಲಿ ಕತ್ತರಿಸಿ, ಒಂದೇ ಅಂಕದ, ಹೆಚ್ಚುಕಡಿಮೆ 100 ನಿಮಿಷಗಳ ಆಪೆರಾ ಮಾಡಿದರು. ಅದರ ಮೊದಲ ಪ್ರಯೋಗ ಡ್ರೆಸ್ಡೆನ್ನಿನಲ್ಲಿ 1905ರ ಡಿಸೆಂಬರ್ 9ರಂದು ನಡೆಯಿತು.

ಸ್ಟ್ರೌಸ್ ಈ ಪಾತ್ರಕ್ಕೆ ಬೇಕಾದವಳು ಹದಿನಾರರ ರಾಜಕುಮಾರಿ, ಆದರೆ ಅವಳಿಗೆ ವಾಗ್ನರನ ಆಪೆರಾದ ನಾಯಕಿ ಇಸೋಲ್ಡೆಯ ಭಾರಿ ಕಂಠವಿರಬೇಕು ಎಂದಿದ್ದರು. ಅಂಥವಳು ಎಲ್ಲಿಯೂ ಸಿಗುವುದಿಲ್ಲವೆಂಬುದು ಅವರಿಗೂ ಗೊತ್ತಿತ್ತು. ಆ ಕಂಠ ಮಾಗುವ ಹೊತ್ತಿಗೆ ಹದಿನಾರು ಎಂದೋ ಕಳೆದಿರುತ್ತದೆ. ರಂಗಮಂದಿರಗಳು ಬಹುಪಾಲು ಕಂಠವನ್ನು ಆರಿಸಿಕೊಂಡು ವಯಸ್ಸನ್ನು ಬಿಟ್ಟುಕೊಟ್ಟವು. ಫ್ರೀಡ್ರಿಖ್ ಮತ್ತು ಬೋಮ್ ಇಲ್ಲಿ ಅದಕ್ಕೆ ತಿರುಗುಮುರುಗಾಗಿ ನಡೆದರು. ಆಗ 36 ವರ್ಷದವರಾಗಿದ್ದ ಸ್ಟ್ರಾಟಾಸ್ ಅವರದು ಹಿಡಿಯಷ್ಟು ದೇಹ, ಅಗಲ ಕಣ್ಣು, ಹಗುರ ಶಾರೀರ. ತೆರೆಯ ಮೇಲೆ ಅವರು ನಿಜಕ್ಕೂ ಬೇಸರ ಹಿಡಿದ, ಮುದ್ದು ಹೆಚ್ಚಾದ ಹುಡುಗಿಯಂತೆ ಕಾಣುತ್ತಾರೆ. ಕಂಠದ ಕೊರತೆಯನ್ನು ಮೈಕು ತುಂಬಿಕೊಟ್ಟಿದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇದು ಪಾತ್ರದ ನಿಜವಾದ ನಿರ್ವಹಣೆ; ರಂಗದ ಮೇಲೆ ಅದು ನಿಲ್ಲುತ್ತಿತ್ತೇ ಎಂಬ ಪ್ರಶ್ನೆಯಿಂದ ಅದರ ಬೆಲೆ ತಗ್ಗಬೇಕಾಗಿಲ್ಲ. ಉಳಿದವರು ಏನೆನ್ನುತ್ತೀರಿ?


ಮೂರನೇ ಬಾಲ್ಕನಿ ಬರೆದದ್ದು:

ಮಂದ್ರಷಡ್ಜ ಅವರೇ, ನೀವು ಹೇಳಿದ್ದರಲ್ಲಿ ಅರ್ಧವನ್ನು ಒಪ್ಪುತ್ತೇನೆ. ನಾನು ಬರ್ಲಿನ್ನಿಗೆ ಬಂದು ಹನ್ನೊಂದು ವರ್ಷವಾಯಿತು. ಅಗ್ಗದ ಟಿಕೆಟ್ಟಿನವನಾದ್ದರಿಂದ ಯಾವಾಗಲೂ ಮೇಲಿನ ಬಾಲ್ಕನಿಯಲ್ಲೇ ಕೂರುವವನು, ಹಾಗಾಗಿ ನನಗೆ ಗಾಯಕಿಯ ಮುಖಕ್ಕಿಂತ ಮೊದಲು ತಲುಪುವುದು ಅವಳ ದನಿ. ಈ ಆಪೆರಾದ ವಾದ್ಯವೃಂದದಲ್ಲಿ ನೂರಕ್ಕೂ ಹೆಚ್ಚು ಜನರಿದ್ದಾರೆ. ಕೊನೆಯ ದೃಶ್ಯದಲ್ಲಿ ಅವರೆಲ್ಲ ಒಟ್ಟಿಗೆ ಎದ್ದಾಗ, ಮೈಕಿಲ್ಲದ ಒಬ್ಬ ಹೆಂಗಸಿನ ಕಂಠ ಆ ಅಲೆಯ ಮೇಲೆ ತೇಲುತ್ತದೋ ಮುಳುಗುತ್ತದೋ ಎಂದು ಉಸಿರು ಬಿಗಿಹಿಡಿದು ಕಾಯುತ್ತೇವೆ. ಆ ಕಾಯುವಿಕೆ ಸಂಗೀತದ ಹೊರಗಿನ ಸರ್ಕಸ್ಸಲ್ಲ. ಸಲೋಮೆ ತನ್ನ ಸುತ್ತಲಿನ ಇಡೀ ಅರಮನೆಯನ್ನು, ಮಲತಂದೆಯ ಆಣೆಯನ್ನು, ಪ್ರವಾದಿಯ ಶಾಪವನ್ನು ಒಬ್ಬಳೇ ಎದುರಿಸಿ ಗೆಲ್ಲುತ್ತಾಳೆಂಬುದು ನಮ್ಮ ಕಿವಿಗೆ ಮನವರಿಕೆಯಾಗುವುದೇ ಆ ಎದುರಾಟದಿಂದ.

ಚಿತ್ರದಲ್ಲಿ ಆ ಎದುರಾಟವನ್ನು ಧ್ವನಿಮುದ್ರಣದ ಮೇಜಿನ ಮೇಲೆ ಕುಳಿತವರು ಮೊದಲೇ ತೀರ್ಮಾನಿಸಿಬಿಟ್ಟಿದ್ದಾರೆ. ಕಹಳೆಗಳು ಗರ್ಜಿಸಿದಾಗಲೂ ಸ್ಟ್ರಾಟಾಸ್ ಅವರ ದನಿ ನಮ್ಮ ಕಿವಿಯ ಪಕ್ಕದಲ್ಲೇ ಇರುತ್ತದೆ. ಗೆಲುವು ಖಚಿತವಾದ ಮೇಲೆ ಕುಸ್ತಿ ನೋಡುವಂತೆ. ಅವರ ನಟನೆಯನ್ನು ನಾನು ಅಲ್ಲಗಳೆಯುತ್ತಿಲ್ಲ, ಆದರೆ ಸೊಪ್ರಾನೊ ಒಬ್ಬರ ಸಲೋಮೆಯನ್ನು ಇನ್ನೊಬ್ಬರ ಸಲೋಮೆಯ ಪಕ್ಕದಲ್ಲಿಟ್ಟು ನೋಡುವಾಗ ಇದನ್ನು ಆ ಸಾಲಿಗೆ ಸೇರಿಸುವುದು ಉಳಿದವರಿಗೆ ಮಾಡುವ ಅನ್ಯಾಯ.


ಶ್ರುತಿಪೆಟ್ಟಿಗೆ ಬರೆದದ್ದು:

ನಾನು ಹಿಂದೂಸ್ತಾನಿ ಕಲಿತವಳು. ಮೈಕು ಬಂದ ಮೇಲೆ ನಮ್ಮಲ್ಲಿಯೂ ಗಾಯನ ಬದಲಾಯಿತು. ಹಳಬರು ಕೊನೆಯ ಸಾಲಿಗೆ ಕೇಳುವಂತೆ ಎದೆತುಂಬಿ ಹಾಡುತ್ತಿದ್ದರು, ಈಗಿನವರು ಪಿಸುಗುಟ್ಟುವ ಸ್ವರವನ್ನೂ ಕಲೆಯಾಗಿಸಿದ್ದಾರೆ. ಹೊಸದನ್ನು ಹಗುರವೆಂದು ತಳ್ಳಿಹಾಕುವ ಮೊದಲು ಅದರಿಂದ ಏನು ದಕ್ಕಿತೆಂದು ನೋಡಬೇಕಲ್ಲವೇ?

ಒಂದೇ ಜಾಗವನ್ನು ಹತ್ತಿರದಿಂದ ಕೇಳೋಣ. ಕೊನೆಯ ದೃಶ್ಯದಲ್ಲಿ ಸಲೋಮೆ ತಲೆಯೊಡನೆ ಮಾತಾಡುತ್ತ, ಪ್ರೇಮದ ರಹಸ್ಯವು ಮೃತ್ಯುವಿನ ರಹಸ್ಯಕ್ಕಿಂತ ದೊಡ್ಡದು ಎನ್ನುತ್ತಾಳೆ. ‘ಮೃತ್ಯು’ ಎಂಬ ಅರ್ಥದ ‘ಟೋಡೆಸ್’ ಪದ ಬಂದಾಗ ಸ್ಟ್ರೌಸ್ ಗಾಯಕಿಯನ್ನು ಮಂದ್ರದ ಜಿ-ಫ್ಲ್ಯಾಟಿಗೆ ಇಳಿಸುತ್ತಾರೆ. ತಾರಸ್ಥಾಯಿಯ ಬಿ ಸ್ವರದವರೆಗೂ ಏರಬೇಕಾದ ಕಂಠಕ್ಕೆ ಅದು ಬಾವಿಯ ತಳ. ಸೊಪ್ರಾನೊಗಳಲ್ಲಿ ಅನೇಕರು ಅಲ್ಲಿ ಎದೆಯ ದನಿಯನ್ನು ಒತ್ತಿ ಹೊರಡಿಸುತ್ತಾರೆ, ಇಲ್ಲವೇ ಸ್ವರವನ್ನು ಕೈಬಿಟ್ಟು ಮಾತಿನಂತೆ ಉಚ್ಚರಿಸುತ್ತಾರೆ, ಏಕೆಂದರೆ ಸಾವಿರಾರು ಜನರ ಮಂದಿರದಲ್ಲಿ ಆ ಸ್ವರ ಮೆಲ್ಲಗೆ ತಲುಪುವುದಿಲ್ಲ. ಸ್ಟ್ರಾಟಾಸ್ ಅವರಿಗೆ ಆ ಅವಸರವಿಲ್ಲ. ಆ ಪದವನ್ನು ಅವರು ಯಾರಿಗೂ ಸಾರುವುದಿಲ್ಲ, ಈಗ ತಾನೇ ತನಗೇ ಹೊಳೆದದ್ದನ್ನು ತನಗೇ ಹೇಳಿಕೊಳ್ಳುತ್ತಾರೆ. ಕೊಲೆ ಮಾಡಿಸಿದ ಹುಡುಗಿಗೆ ಸಾವೆಂದರೇನೆಂದು ಆ ಕ್ಷಣದವರೆಗೂ ಗೊತ್ತಿರಲಿಲ್ಲವೆಂಬುದು ನನಗೆ ಅರ್ಥವಾದದ್ದು ಅಲ್ಲಿ. ಇದು ಮೈಕಿನ ಕೊಡುಗೆಯೆಂದರೆ ಒಪ್ಪುತ್ತೇನೆ, ಆದರೆ ಅದನ್ನು ಹೀಗೆ ಬಳಸಬಹುದೆಂದು ಕಂಡುಕೊಂಡವರು ಗಾಯಕಿ.

ದೋಷಗಳೂ ಇವೆ. ಮೇಲಿನ ಸ್ವರಗಳಲ್ಲಿ ದನಿ ಬಿಗಿದು ಅಂಚು ಗಡಸಾಗುತ್ತದೆ. ಯೋಕನಾನನ (ಆಪೆರಾದಲ್ಲಿ ಯೋಹಾನನಿಗೆ ಇರುವ ಹೆಸರು) ತುಟಿಗೆ ಮುತ್ತಿಡುತ್ತೇನೆಂದು ಹಟ ಹಿಡಿಯುವ ಮೊದಲ ಭೇಟಿಯ ದೃಶ್ಯದಲ್ಲಿ ಸ್ವರದ ದುಂಡುತನ ಹೋಗಿ ಅದು ಗಾಜಿನ ಚೂರಿನಂತಾಗುತ್ತದೆ. ಪಾತ್ರಕ್ಕೆ ಅದು ಹೊಂದುತ್ತದೆಂದು ವಾದಿಸುವವರಿದ್ದಾರೆ. ನನಗೆ ಅದು ಹೊಂದಿಸಿಕೊಂಡದ್ದೆನಿಸುತ್ತದೆ. ಬೇಕೆಂದೇ ಮಾಡಿದ ಒರಟುತನಕ್ಕೂ ಶಕ್ತಿ ಸಾಲದೆ ಬಂದ ಒರಟುತನಕ್ಕೂ ಕಿವಿಯಲ್ಲಿ ವ್ಯತ್ಯಾಸ ತಿಳಿಯುತ್ತದೆ.

ಅದೇ ತಲೆಯನ್ನು ಬೆಳ್ಳಿಯ ಹರಿವಾಣದಲ್ಲಿ ಕೇಳುವ ಮೊದಲ ಮಾತು ಮಾತ್ರ ಹಗುರ ಕಂಠಕ್ಕೇ ಬರೆದಂತಿದೆ. ಸಂಗೀತ ಅಲ್ಲಿ ನಗುನಗುತ್ತ, ಜಾತ್ರೆಯಲ್ಲಿ ಮಿಠಾಯಿ ಕೇಳುವ ಮಗುವಿನ ದನಿಯಲ್ಲಿ ಸಾಗುತ್ತದೆ. ಹೆರೋದ ಪಚ್ಚೆ ಕೊಡುತ್ತೇನೆಂದು, ಬಿಳಿ ನವಿಲುಗಳನ್ನು ಕೊಡುತ್ತೇನೆಂದು, ಕೊನೆಗೆ ದೇವಾಲಯದ ತೆರೆಯನ್ನೇ ಕೊಡುತ್ತೇನೆಂದು ಅಂಗಲಾಚುತ್ತ ಹೋದಂತೆ ಅವಳ ಬೇಡಿಕೆಯೊಂದೇ ಮತ್ತೆ ಮತ್ತೆ ಬರುತ್ತದೆ. ಸ್ಟ್ರಾಟಾಸ್ ಅದನ್ನು ಪ್ರತಿ ಸಲವೂ ಒಂದೊಂದು ಎಳೆ ಸಿಹಿ ಕಡಿಮೆ ಮಾಡಿ ಹಾಡಿದ್ದಾರೆ.


ಚೌಕಿಮನೆ ಬರೆದದ್ದು:

ಎಲ್ಲರೂ ಕಿವಿಯ ಮಾತನ್ನೇ ಆಡುತ್ತಿದ್ದೀರಿ. ನನ್ನ ತಕರಾರು ಕಣ್ಣಿನದು.

ಹಾಡು ಒಬ್ಬರದು, ಮುಖ ಇನ್ನೊಬ್ಬರದು ಎಂಬ ಏರ್ಪಾಡು ನಮಗೆ ಹೊಸದಲ್ಲ. ಸಿನಿಮಾದ ಹಿನ್ನೆಲೆ ಗಾಯನವನ್ನು ಬದಿಗಿಟ್ಟರೂ, ಯಕ್ಷಗಾನದಲ್ಲಿ ಪದ್ಯ ಹೇಳುವವರು ಭಾಗವತರು, ಅದಕ್ಕೆ ಕುಣಿದು ಅಭಿನಯಿಸುವವರು ವೇಷಧಾರಿಗಳು. ಅಲ್ಲಿ ನಮಗೆ ಮೋಸವಾಯಿತೆಂದು ಎಂದೂ ಅನ್ನಿಸದಿರುವುದಕ್ಕೆ ಕಾರಣ, ಇಬ್ಬರೂ ಒಂದೇ ಹೊತ್ತಿನಲ್ಲಿ, ಒಂದೇ ರಂಗಸ್ಥಳದಲ್ಲಿ, ಒಬ್ಬರನ್ನೊಬ್ಬರು ನೋಡಿಕೊಂಡು ಮಾಡುತ್ತಾರೆ. ಭಾಗವತರು ಒಂದು ಸಾಲನ್ನು ಎಳೆದರೆ ವೇಷಧಾರಿಯೂ ಎಳೆಯುತ್ತಾನೆ. ಈ ಚಿತ್ರದಲ್ಲಿ ದನಿಯೂ ದೇಹವೂ ಒಬ್ಬರದೇ ಆದರೂ ಎರಡರ ನಡುವೆ ಎಷ್ಟೋ ದಿನಗಳ ಅಂತರವಿದೆ. ತೆರೆಯ ಮೇಲಿನ ಸ್ಟ್ರಾಟಾಸ್ ಹಿಂದೊಮ್ಮೆ ಹಾಡಿದ ಸ್ಟ್ರಾಟಾಸ್ ಅವರನ್ನು ಹಿಂಬಾಲಿಸುತ್ತಿದ್ದಾರೆ. ಅವರು ಇನ್ನು ಒಂದು ಸಾಲನ್ನೂ ಎಳೆಯುವಂತಿಲ್ಲ.

ಇದು ಕಣ್ಣಿಗೆ ಕಾಣುತ್ತದೆ. ಎತ್ತರದ ಸ್ವರ ಹಾಡುವವರ ಕತ್ತಿನ ನರ ಉಬ್ಬಬೇಕು, ಪಕ್ಕೆಲುಬು ಅಗಲವಾಗಬೇಕು, ದವಡೆ ಇಳಿಯಬೇಕು. ಇಲ್ಲಿ ದನಿ ಆಕಾಶಕ್ಕೇರಿದಾಗ ಮುಖ ಮಾತ್ರ ಪಿಸುಮಾತು ಆಡುವವರಂತೆ ಶಾಂತವಾಗಿರುವ ಜಾಗಗಳಿವೆ. ಹಾಗೆ ಸುಂದರವಾಗಿ ಕಾಣುವುದಕ್ಕಾಗಿಯೇ ಮೊದಲು ಹಾಡಿಸಿ ಆಮೇಲೆ ನಟಿಸುವ ಕ್ರಮವಿದೆ ಎನ್ನಬಹುದು. ನನಗೆ ಮಾತ್ರ ಆ ಹೊತ್ತಿನಲ್ಲಿ ಪಾತ್ರ ಜಾರಿಹೋಗಿ ಪ್ರತಿಮೆಯೊಂದು ಕಣ್ಣೆದುರು ನಿಲ್ಲುತ್ತದೆ.

ಅವರ ಅತ್ಯುತ್ತಮ ಅಭಿನಯ ಬರುವುದು ಅವರು ಏನನ್ನೂ ಹಾಡದಿರುವಾಗ. ಯೋಕನಾನನನ್ನು ಸೆರೆಯಿಟ್ಟ ಬಾವಿಯೊಳಗೆ ಕೊಲೆಗಾರ ಇಳಿದಿದ್ದಾನೆ, ಸಲೋಮೆ ಅಂಚಿಗೆ ಬಗ್ಗಿ ಆಲಿಸುತ್ತಿದ್ದಾಳೆ. ಆಗ ವಾದ್ಯವೃಂದದಿಂದ ಒಂದು ವಿಚಿತ್ರ ಕೀರಲು ಶಬ್ದ ಬಿಟ್ಟು ಬಿಟ್ಟು ಬರುತ್ತದೆ. ದೊಡ್ಡ ಪಿಟೀಲಾದ ಡಬಲ್ ಬಾಸಿನ ತಂತಿಯನ್ನು ಒತ್ತಿ ಹಿಡಿಯದೆ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಚಿವುಟಿ, ಕಮಾನನ್ನು ಚುಟುಕಾಗಿ ಎಳೆದು ಎತ್ತರದ ಬಿ-ಫ್ಲ್ಯಾಟ್ ಹೊರಡಿಸಬೇಕೆಂದು ಸ್ಟ್ರೌಸ್ ಬರೆದಿದ್ದಾರೆ. ಅದು ಹೆಂಗಸೊಬ್ಬಳು ಅದುಮಿಟ್ಟ ನರಳಾಟದಂತೆ ಕೇಳಬೇಕು. ರಂಗದ ಮೇಲೆ ಈ ಹೊತ್ತಿನಲ್ಲಿ ಗಾಯಕಿಯರು ಬೆನ್ನು ಬಾಗಿಸಿ ನಿಂತಿರುತ್ತಾರೆ, ನಮಗೆ ಕಾಣುವುದು ಅಷ್ಟೇ. ಇಲ್ಲಿ ಆ ಸದ್ದು ಅವರ ಮುಖದೊಳಗಿಂದ ಬಂದಂತಿದೆ. ತುಟಿ ಆಡಿಸಬೇಕಾದ ಹಂಗಿಲ್ಲದ ಆ ಒಂದೆರಡು ನಿಮಿಷಗಳಲ್ಲಿ ಅವರು ಸ್ವತಂತ್ರರು.

ಹೆರೋದನ ಮುಂದೆ ಸಲೋಮೆ ಕುಣಿಯುವ ಏಳು ಮುಸುಕುಗಳ ನೃತ್ಯದ ಬಗ್ಗೆ ಹೆಚ್ಚು ಹೇಳಲಾರೆ. ಸೊರಗಿದ ನೃತ್ಯಸಂಯೋಜನೆ, ಕ್ಯಾಮೆರಾಕ್ಕೂ ಅದರ ಮೇಲೆ ನಂಬಿಕೆಯಿದ್ದಂತಿಲ್ಲ.


ಹೊಸ ಕೇಳುಗ ಬರೆದದ್ದು:

ನಾನು ಈವರೆಗೆ ಒಂದೂ ಆಪೆರಾ ಪೂರ್ತಿ ನೋಡಿದವನಲ್ಲ. ಇದರಿಂದಲೇ ಆರಂಭಿಸಬಹುದೇ? ರಂಗದಲ್ಲಿ ನಡೆದದ್ದನ್ನು ಹಾಗೆಯೇ ಚಿತ್ರೀಕರಿಸಿದ ಬೇರೆ ಸಲೋಮೆಗಳೂ ಇವೆಯೆಂದು ಕೇಳಿದ್ದೇನೆ. ಯಾವುದನ್ನು ಮೊದಲು ನೋಡಿದರೆ ಒಳ್ಳೆಯದು?


ಮಂದ್ರಷಡ್ಜ ಬರೆದದ್ದು:

ಹೊಸ ಕೇಳುಗರೇ, ಇದರಿಂದಲೇ ಆರಂಭಿಸಿ. ಚಿಕ್ಕದು, ಮಧ್ಯೆ ವಿರಾಮವಿಲ್ಲ, ಜರ್ಮನ್ ಬಾರದವರಿಗೂ ಯಾರು ಯಾರನ್ನು ಬಯಸುತ್ತಿದ್ದಾರೆಂಬುದು ಹತ್ತೇ ನಿಮಿಷದಲ್ಲಿ ತಿಳಿಯುತ್ತದೆ. ಅಡಿಬರಹ ಇರುವ ಪ್ರತಿಯನ್ನೇ ಹುಡುಕಿಕೊಳ್ಳಿ.

ಈಗ ಚೌಕಿಮನೆಯವರಿಗೆ. ದನಿ ಮತ್ತು ದೇಹ ಬೇರೆಯಾದದ್ದು ಸಿನಿಮಾದಿಂದ ಎಂಬಂತೆ ಬರೆದಿದ್ದೀರಿ. ಈ ಆಪೆರಾದ ಮಟ್ಟಿಗೆ ಅದು ಮೊದಲ ದಿನವೇ ಆಗಿಹೋಗಿತ್ತು. ಡ್ರೆಸ್ಡೆನ್ನಿನ ಮೊದಲ ಸಲೋಮೆ ಮಾರೀ ವಿಟಿಖ್ ವಾಗ್ನರ್ ಪಾತ್ರಗಳಿಗೆ ಹೆಸರಾದ ದಪ್ಪ ಶರೀರದ ಗಾಯಕಿ. ತಾನು ಮರ್ಯಾದಸ್ಥ ಹೆಂಗಸು, ಇಂಥದ್ದನ್ನೆಲ್ಲ ಮಾಡುವುದಿಲ್ಲ ಎಂದು ಅವರು ಪಟ್ಟು ಹಿಡಿದರು, ಕೊನೆಗೆ ಮುಸುಕುಗಳ ನೃತ್ಯವನ್ನು ಅವರ ಬದಲಿಗೆ ನರ್ತಕಿಯೊಬ್ಬರು ಮಾಡಬೇಕಾಯಿತು. 1907ರ ಜನವರಿಯಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್‌ನಲ್ಲಿ ಓಲಿವ್ ಫ್ರೆಮ್‌ಸ್ಟಾಡ್ ಹಾಡಿದಾಗಲೂ ಕುಣಿದವರು ಬೇರೆ. ಆ ಒಂದೇ ಪ್ರದರ್ಶನದ ನಂತರ ಮಂದಿರದ ಧನಿಕ ಪೋಷಕರು ಸಿಟ್ಟಾಗಿ ಆಪೆರಾವನ್ನೇ ನಿಲ್ಲಿಸಿಬಿಟ್ಟರು. ಒಬ್ಬರೇ ಹಾಡಿ, ಕುಣಿದು, ಹದಿನಾರರವರಂತೆ ಕಾಣಬೇಕೆಂಬ ನಿರೀಕ್ಷೆ ಬೆಳೆದದ್ದು ಆಮೇಲೆ. ನೃತ್ಯ ಸಪ್ಪೆಯೆಂಬುದನ್ನು ಒಪ್ಪುತ್ತೇನೆ; ಆದರೂ ಅದರಲ್ಲಿ ಕುಣಿಯುತ್ತಿರುವವಳೂ ಮುಂದೆ ತಲೆ ಕೇಳುವವಳೂ ಒಬ್ಬಳೇ ಎಂಬ ಸರಳ ಸಂಗತಿಗೆ ನನ್ನ ಲೆಕ್ಕದಲ್ಲಿ ಬೆಲೆಯಿದೆ.

ಮೂರನೇ ಬಾಲ್ಕನಿಯವರು ಎತ್ತಿದ ಅನ್ಯಾಯದ ಮಾತಿಗೆ ಸ್ಟ್ರೌಸ್ ಅವರನ್ನೇ ಸಾಕ್ಷಿಗೆ ಕರೆಯುತ್ತೇನೆ. ವಾದ್ಯವೃಂದ ನಡೆಸುವ ಕಿರಿಯ ನಿರ್ವಾಹಕರಿಗೆಂದು ಅವರು ತಮಾಷೆಯ ಧಾಟಿಯಲ್ಲಿ ಬರೆದ ಹತ್ತು ಸೂತ್ರಗಳಲ್ಲಿ ಒಂದು, ‘ಸಲೋಮೆ’ಯನ್ನೂ ತಮ್ಮ ಇನ್ನೊಂದು ಆಪೆರಾ ‘ಎಲೆಕ್ಟ್ರಾ’ವನ್ನೂ ಮೆಂಡೆಲ್ಸನ್ ಬರೆದ ಯಕ್ಷಿಣಿಯರ ಸಂಗೀತವೆಂಬಂತೆ ನುಡಿಸಬೇಕು ಎನ್ನುತ್ತದೆ. ಮಾತು ತಮಾಷೆಯದಾದರೂ ಅವರ ನಡತೆ ಅದಕ್ಕೆ ಹೊಂದಿಕೊಂಡಿತ್ತು: 1930ರ ಸುಮಾರಿಗೆ ಡ್ರೆಸ್ಡೆನ್ನಿಗಾಗಿ, ಹಗುರ ಕಂಠದವರೂ ಹಾಡಲೆಂದು, ವಾದ್ಯಗಳ ಭಾರವನ್ನು ತಾವೇ ಇಳಿಸಿ ತಿದ್ದಿಕೊಟ್ಟರು. ಅಂದರೆ ಅವರ ಕಿವಿಯಲ್ಲಿದ್ದ ಸಲೋಮೆ ಬರೀ ಅಲೆಯ ಮೇಲೆ ತೇಲುವ ಉಕ್ಕಿನ ಕಂಠವಲ್ಲ. ಬೋಮ್ ಈ ಚಿತ್ರದಲ್ಲಿ ವಿಯೆನ್ನಾದವರಿಂದ ಹೊರಡಿಸಿರುವ ನಾದವನ್ನು ಕೇಳಿ. ಅದು ಪಾರದರ್ಶಕವಾಗಿದೆ, ಕ್ಲಾರಿನೆಟ್ಟಿನ ಒಂದು ಸುಳಿಯೂ ಮಸುಕಾಗುವುದಿಲ್ಲ. ಇದೇ ಬೋಮ್ 1970ರಲ್ಲಿ ಹ್ಯಾಂಬರ್ಗಿನಲ್ಲಿ ಗ್ವಿನೆತ್ ಜೋನ್ಸ್ ಅವರೊಡನೆ ರಂಗದಲ್ಲಿ ನಡೆಸಿದ ಸಲೋಮೆಯ ಮುದ್ರಣವಿದೆ. ಅಲ್ಲಿ ದೊಡ್ಡ ಕಂಠಕ್ಕೆ ದೊಡ್ಡ ಅಲೆ, ಇಲ್ಲಿ ಸಣ್ಣ ಕಂಠಕ್ಕೆ ಸಣ್ಣ ಅಲೆ. ತೀರ್ಮಾನವನ್ನು ಮೇಜಿನ ಮೇಲೆ ಕುಳಿತವರಷ್ಟೇ ಮಾಡಲಿಲ್ಲ, ಕೋಲು ಹಿಡಿದವರೂ ಮಾಡಿದರು.

ಇನ್ನೊಂದು. ಫ್ರೀಡ್ರಿಖ್ ಮತ್ತು ಬೋಮ್ ಜೋಡಿ 1981ರಲ್ಲಿ ‘ಎಲೆಕ್ಟ್ರಾ’ವನ್ನೂ ಹೀಗೆಯೇ ಚಿತ್ರವಾಗಿಸಿತು, ಅದರಲ್ಲಿ ಲೆಯೋನಿ ರಿಸಾನೆಕ್ ಎಲೆಕ್ಟ್ರಾ ಆದರು. ಅವರೂ ಆ ಪಾತ್ರವನ್ನು ರಂಗದಲ್ಲಿ ಹಾಡಲಿಲ್ಲ. ಆ ವರ್ಷವೇ ಬೋಮ್ ತೀರಿಕೊಂಡರು. ಎರಡೆರಡು ಸಲ ಮಾಡಿದ್ದನ್ನು ಆಕಸ್ಮಿಕವೆನ್ನಲಾಗದು. ರಂಗ ಕೊಡದ ಪಾತ್ರವನ್ನು ಚಿತ್ರ ಕೊಡಬಲ್ಲದು ಎಂಬ ಯೋಚನೆ ಅದರ ಹಿಂದೆ ಇತ್ತು.


ಮೂರನೇ ಬಾಲ್ಕನಿ ಬರೆದದ್ದು:

1930ರ ತಿದ್ದುಪಡಿಯ ಮಾತು ನನ್ನ ವಾದವನ್ನು ಸಡಿಲಿಸಿದೆ, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಅಲ್ಲಿಯೂ ಸ್ಟ್ರೌಸ್ ಇಳಿಸಿದ್ದು ವಾದ್ಯಗಳನ್ನು. ಗಾಯಕಿ ಮೈಕಿಲ್ಲದೆ ಮಂದಿರ ತುಂಬಬೇಕಿತ್ತು.

ಹೋಲಿಕೆಗಾಗಿ 2018ರ ಸಾಲ್ಜ್‌ಬರ್ಗ್ ಪ್ರಯೋಗದ ಚಿತ್ರೀಕರಣವನ್ನು ನೋಡಿ. ನಿರ್ದೇಶನ ರೋಮಿಯೋ ಕಾಸ್ಟೆಲುಚಿ, ಸಲೋಮೆ ಲಿಥುವೇನಿಯಾದ ಅಸ್ಮಿಕ್ ಗ್ರಿಗೊರಿಯನ್, ವಾದ್ಯವೃಂದ ಅದೇ ವಿಯೆನ್ನಾದವರದು, ನಿರ್ವಾಹಕರು ಫ್ರಾನ್ಸ್ ವೆಲ್ಸರ್-ಮೋಸ್ಟ್. ಬಂಡೆ ಕೊರೆದು ಮಾಡಿದ ಕಮಾನುಗಳ ಅಗಲವಾದ ಹಳೆಯ ಸವಾರಿ ಶಾಲೆಯೇ ಅಲ್ಲಿನ ರಂಗ. ಗ್ರಿಗೊರಿಯನ್ ಅವರೂ ಆಗ ಮೂವತ್ತರ ಕೊನೆಯಲ್ಲಿದ್ದವರು, ಸಣ್ಣ ದೇಹ, ಹುಡುಗಿಯಂತೆಯೇ ಕಾಣುತ್ತಾರೆ, ಆದರೆ ಕಂಠ ಆ ಬಂಡೆಗೋಡೆಯನ್ನು ಮುಟ್ಟಿ ಮರಳುತ್ತದೆ. ಕಾಸ್ಟೆಲುಚಿ ನೃತ್ಯವನ್ನೇ ತೆಗೆದುಹಾಕಿದ್ದಾರೆ; ಆ ಸಂಗೀತ ಮುಗಿಯುವವರೆಗೂ ಗ್ರಿಗೊರಿಯನ್ ಪೀಠವೊಂದರ ಮೇಲೆ ಮುದುಡಿ ಕಲ್ಲಿನಂತೆ ಅಲುಗಾಡದೆ ಇರುತ್ತಾರೆ, ಮೇಲಿನಿಂದ ನಿಜವಾದ ಬಂಡೆಯೊಂದು ಅವರ ಮೇಲೆ ಇಳಿಯುತ್ತದೆ. ಕೊನೆಗೆ ಅವರಿಗೆ ಸಿಗುವುದು ತಲೆಯಲ್ಲ, ತಲೆಯಿಲ್ಲದ ದೇಹ. ಇಲ್ಲಿ ಕ್ಯಾಮೆರಾ ಇದೆ, ಹತ್ತಿರದ ನೋಟವೂ ಇದೆ, ಅದರ ಜೊತೆಗೆ ಆ ಕ್ಷಣದಲ್ಲಿಯೇ ಹುಟ್ಟಿದ ದನಿಯೂ ಬೆವರೂ ಇವೆ. ಚೌಕಿಮನೆಯವರು ಕೇಳಿದ ಕತ್ತಿನ ನರ ಇಲ್ಲಿ ಸಿಗುತ್ತದೆ. ಇವೆರಡನ್ನೂ ಪಡೆಯಬಹುದೆಂದು ತಿಳಿದ ಮೇಲೆ ಸ್ಟ್ರಾಟಾಸ್ ಚಿತ್ರಕ್ಕೆ ರಿಯಾಯಿತಿ ಏಕೆ ಕೊಡಬೇಕು?


ಚೌಕಿಮನೆ ಬರೆದದ್ದು:

ಇಂದು ಸಂಜೆ ನೀವು ಹೇಳಿದ್ದನ್ನು ನೋಡಿದೆ. ಕತ್ತಿನ ನರ ಸಿಕ್ಕಿತು, ಸಂತೋಷ. ಆದರೆ ಒಂದು ಮಾತು. ಗ್ರಿಗೊರಿಯನ್ ಅವರ ಮುಖವನ್ನು ಕ್ಯಾಮೆರಾ ಕದ್ದು ನೋಡುತ್ತಿದೆ, ಅವರು ಆಡುತ್ತಿರುವುದು ಎದುರಿನ ಜನಸ್ತೋಮಕ್ಕೆ. ಸ್ಟ್ರಾಟಾಸ್ ಆಡುತ್ತಿರುವುದು ಕ್ಯಾಮೆರಾಕ್ಕೇ, ರೆಪ್ಪೆ ಎಷ್ಟು ಅಲುಗಬೇಕೆಂಬ ಅಳತೆಯೂ ಅವರಲ್ಲಿದೆ. ಸಲೋಮೆಯಲ್ಲಿ ಕೈಬೀಸು ಅತಿಯಾಗಬಾರದು, ಹಾವಭಾವ ಸರಳವಾಗಿ ಘನವಾಗಿ ಇರಬೇಕು ಎಂದು ಸ್ಟ್ರೌಸ್ ಅವರೇ ನಂತರದ ದಿನಗಳಲ್ಲಿ ಗೊಣಗಿಕೊಂಡದ್ದಿದೆ. ಆ ಗೊಣಗಾಟಕ್ಕೆ ಸರಿಯಾದ ಉತ್ತರ ರೆಪ್ಪೆಯೇ ಇರಬಹುದು. ನನ್ನ ಮೊದಲ ತಕರಾರನ್ನು ಹಿಂತೆಗೆದುಕೊಳ್ಳುತ್ತಿಲ್ಲ, ಅರ್ಧಕ್ಕೆ ಇಳಿಸಿಕೊಂಡಿದ್ದೇನೆ.


ಶ್ರುತಿಪೆಟ್ಟಿಗೆ ಬರೆದದ್ದು:

ಇಷ್ಟು ಮಾತಿನಲ್ಲಿ ಯಾರೂ ಆಸ್ಟ್ರಿಡ್ ವಾರ್ನಾಯ್ ಅವರ ಹೆಸರೆತ್ತಲಿಲ್ಲವೆಂದು ನನಗೆ ಆಶ್ಚರ್ಯ. ಈ ಚಿತ್ರದ ಹೆರೋದ್ಯ ಅವರು. 1941ರ ಡಿಸೆಂಬರಿನಲ್ಲಿ, 23ನೆಯ ವಯಸ್ಸಿನಲ್ಲಿ, ಕಾಯಿಲೆಬಿದ್ದ ಲೊಟ್ಟೆ ಲೇಮನ್ ಅವರ ಬದಲಿಗೆ ಮೆಟ್ರೊಪಾಲಿಟನ್ ರಂಗವೇರಿ ವಾಗ್ನರನ ಜೀಗ್ಲಿಂಡೆ ಪಾತ್ರ ಹಾಡಿ ಹೆಸರಾದವರು, ತಮ್ಮ ಕಾಲದಲ್ಲಿ ಸ್ವತಃ ಸಲೋಮೆ ಹಾಡಿದವರು, ಮೂರನೇ ಬಾಲ್ಕನಿಯವರು ಬಯಸುವ ಆ ಉಕ್ಕಿನ ಕಂಠ ನಿಜವಾಗಿ ಇದ್ದವರು.

ಮಗಳು ತಲೆ ಬೇಕೆಂದಾಗ ಹೆರೋದ ತತ್ತರಿಸುತ್ತಾನೆ, ಹೆರೋದ್ಯ ಹಿಗ್ಗುತ್ತಾಳೆ. ಆ ಹೊತ್ತಿನಲ್ಲಿ ವಾರ್ನಾಯ್ ಅವರ ಮುಖವನ್ನೊಮ್ಮೆ ಸ್ಟ್ರಾಟಾಸ್ ಅವರ ಮುಖದ ಪಕ್ಕದಲ್ಲಿಟ್ಟು ನೋಡಿ. ರಂಗದ ದೊಡ್ಡ ಗಾಯಕಿಯೊಬ್ಬರು ತಾವು ಹಿಂದೆ ನೂರು ವಾದ್ಯಗಳ ಮೇಲೆ ಹಾಡಿದ ಸಾಲುಗಳನ್ನು, ಹಿಡಿಯಷ್ಟು ದೇಹದ ಇನ್ನೊಬ್ಬರು ಬಾಯಿ ಹೆಚ್ಚು ತೆರೆಯದೆ ಹೇಳುವುದನ್ನು ಕೇಳುತ್ತ ಕೂತಿದ್ದಾರೆ. ಅವರ ಕಣ್ಣಲ್ಲಿರುವುದು ಹೆರೋದ್ಯಳ ಹಿಗ್ಗೋ, ಹಳೆಯ ಸಲೋಮೆಯ ತುಂಟತನವೋ ಎಂದು ನಾನು ಆ ಜಾಗವನ್ನು ನಾಲ್ಕು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೆ. ಮೂರನೇ ಬಾಲ್ಕನಿಯವರೇ, ನೀವೂ ನೋಡಿ ಹೇಳಿ.